ಕೂತರೂ ಮುರಿಯದ ಗಿಟಾರ್

ಗಿಟಾರ್ ಆಗುವ ಮೊದಲು ನಾನು ಎರಡು ಕಡೆ, ಎರಡು ಬಗೆಯಾಗಿ ಬದುಕಿದ್ದೆ. ನನ್ನ ಎದೆಯ ಹಲಗೆ ಯಾವುದೋ ದೂರದೇಶದಿಂದ ಯಂತ್ರವೊಂದನ್ನು ಹೊತ್ತು ತಂದ ಪೈನ್ ಮರದ ಪೆಟ್ಟಿಗೆಯ ಮುಚ್ಚಳ. ನನ್ನ ಬೆನ್ನು ಮತ್ತು ಪಕ್ಕೆ, ಹಳೆ ಸಾಮಾನಿನ ಅಂಗಡಿಯಲ್ಲಿ ಬಾಗಿಲು ಕಳಚಿಕೊಂಡು ನಿಂತಿದ್ದ ಬೀಟೆ ಮರದ ಕಪಾಟು. ಇವೆರಡನ್ನೂ ಒಂದೇ ಸೈಕಲ್ಲಿನ ಕ್ಯಾರಿಯರ್ ಮೇಲೆ ಕಟ್ಟಿ ಹುಬ್ಬಳ್ಳಿಯ ತಮ್ಮ ಮನೆಗೆ ತಂದವರು ಕಾಳಪ್ಪ ಬಡಿಗೇರ. ನನ್ನ ತಂದೆತಾಯಿಯ ಮದುವೆ ಸೈಕಲ್ ಮೇಲೆಯೇ ಆಯಿತು ಎಂದರೂ ನಡೆದೀತು.

ಕಾಳಪ್ಪನವರು ಮೂವತ್ತಾರು ವರ್ಷ ರೈಲ್ವೆ ವರ್ಕ್‌ಶಾಪಿನಲ್ಲಿ ಬೋಗಿಗಳ ಮರಗೆಲಸ ಮಾಡಿದವರು. ಆಸನ, ಬಾಗಿಲು, ಕಿಟಕಿಯ ಚೌಕಟ್ಟು, ಮೇಲಿನ ಮಲಗುವ ಹಲಗೆ. ಅವರು ಮಾಡಿದ ಹಲಗೆಯ ಮೇಲೆ ಟ್ರಂಕು ಬಿದ್ದರೂ ಟ್ರಂಕೇ ಜಜ್ಜಿಹೋಗಬೇಕು, ಅಂಥ ಕೆಲಸ. ನಿವೃತ್ತಿಯ ದಿನ ಹಾರ ಹಾಕಿ ಮನೆಗೆ ಕಳಿಸಿದರು. ಆದರೆ ನಿವೃತ್ತಿಯ ಸುದ್ದಿಯನ್ನು ಅವರ ಕೈಗಳಿಗೆ ಯಾರೂ ಹೇಳಿರಲಿಲ್ಲ. ಮನೆಗೆ ಬಂದ ಮೇಲೆ ಅವರು ಕೂರುವ ಮಣೆ ಮಾಡತೊಡಗಿದರು. ಮನೆಗೆ ಏಳು ಮಣೆ ಆದವು, ಓಣಿಗೆ ಹನ್ನೆರಡು ಆದವು. ಕೊನೆಗೊಂದು ಬೆಳಿಗ್ಗೆ ಅವರ ಹೆಂಡತಿ ನೀಲವ್ವ ಚಹಾ ಕೊಡುತ್ತಾ, "ಇನ್ನೊಂದು ಮಣಿ ಮಾಡಿದ್ರ, ಅದರ ಮ್ಯಾಲ ಕುಂದ್ರಾಕ ಮಂದೀನೂ ನೀವ ಮಾಡಬೇಕಾಗತೈತಿ ನೋಡ್ರಿ" ಅಂದಳು.

ಯಾರೂ ಕೂರದಂಥ ವಸ್ತು ಒಂದು ಬೇಕಾಗಿತ್ತು. ಅದು ಸಿಕ್ಕಿದ್ದು ಹಿಂದಿನ ಓಣಿಯ ಐರಿನ್ ಸಾಲಿನ್ಸ್ ಟೀಚರ ಮನೆಯಲ್ಲಿ. ಟೀಚರು ತಮ್ಮ ಪಡಸಾಲೆಯಲ್ಲಿ ಗಿಟಾರ್ ಕಲಿಸುತ್ತಿದ್ದರು. ಅವರ ಮನೆಯ ಬಾಗಿಲು ರಿಪೇರಿಗೆ ಹೋದ ಕಾಳಪ್ಪನವರು ಬಾಗಿಲು ಬಿಟ್ಟು ಗಿಟಾರನ್ನೇ ನೋಡುತ್ತಾ ನಿಂತರಂತೆ. ಮೂಲೆಯಲ್ಲಿ ಎದೆ ಸೀಳಿದ್ದ ಹಳೆಯದೊಂದು ಇತ್ತು. ಅಳತೆಗೆಂದು ಅದನ್ನು ಕೇಳಿ ತಂದರು, ಬಿಚ್ಚಿದರು, ಅಳೆದರು. ಎದೆಯ ಹಲಗೆ ಎರಡೂವರೆ ಮಿಲಿಮೀಟರ್ ದಪ್ಪವಿತ್ತು. ಕಾಳಪ್ಪನವರಿಗೆ ನಗು ಬಂತು.

"ಮಾಡಿದವ್ರು ಕಟ್ಟಿಗಿ ಉಳಿಸ್ಯಾರ. ಅದಕ್ಕ ಸೀಳೈತಿ" ಎಂದು ನೀಲವ್ವನಿಗೆ ವಿವರಿಸಿದರು. ತಾವು ಮಾಡುವುದು ಹಾಗೆ ಸೀಳಬಾರದೆಂದು ನನ್ನ ಎದೆಗೆ ಐದು ಮಿಲಿಮೀಟರ್ ಇಟ್ಟರು. ಒಳಗೆ ಬೆರಳು ದಪ್ಪದ ಆಸರೆ ಪಟ್ಟಿಗಳನ್ನು ಅಡ್ಡಡ್ಡ ಕೂರಿಸಿದರು. ಬೋಗಿಯ ನೆಲಕ್ಕೆ ಹಾಕುವಂತೆ ಪಟ್ಟಿಗೆ ಪಟ್ಟಿಯನ್ನು ಕಚ್ಚು ಕೊಟ್ಟು ಜೋಡಿಸಿದರು.

ಹದಿನಾಲ್ಕು ತಿಂಗಳು ನಾನು ಆ ಮನೆಯ ಹಿತ್ತಲಲ್ಲಿ ಬೆಳೆದೆ. ಅವಸರ ಮಾಡುವವರು ಯಾರೂ ಇರಲಿಲ್ಲ. ನನ್ನ ಪಕ್ಕೆಗಳನ್ನು ಬಗ್ಗಿಸುವ ದಿನ ಮಾತ್ರ ಮನೆಯಲ್ಲಿ ಹೆರಿಗೆಯ ಗಡಿಬಿಡಿ. ಕಬ್ಬಿಣದ ಪೈಪೊಂದನ್ನು ಕೆಂಡದಲ್ಲಿ ಕಾಯಿಸಿ, ನೆನೆಸಿಟ್ಟ ಬೀಟೆಯ ತೆಳು ಪಟ್ಟಿಯನ್ನು ಅದಕ್ಕೆ ಒತ್ತಿ ನಿಧಾನವಾಗಿ ಬಳುಕಿಸಬೇಕು. ಮೊದಲ ಪಟ್ಟಿ ಚಟ್ಟನೆ ಮುರಿಯಿತು. ಎರಡನೆಯದಕ್ಕೆ ನೀಲವ್ವ ಒದ್ದೆ ಅರಿವೆ ಹಿಡಿದು ಪಕ್ಕದಲ್ಲಿ ಕುಳಿತಳು. ಹಬೆ ಕಡಿಮೆಯಾದಂತೆಲ್ಲ ನೀರು ತಟ್ಟಿದಳು. ನನ್ನ ಸೊಂಟ ಹಾಗೆ ಬಂದದ್ದು. ಇವತ್ತಿಗೂ ಯಾರಾದರೂ ನನ್ನ ಆ ಬಾಗನ್ನು ಹೊಗಳಿದರೆ ನನಗೆ ನೀಲವ್ವನ ಬೆವೆತ ಮುಖ ನೆನಪಾಗುತ್ತದೆ.

ಪಾಲಿಶ್ ಆಯಿತು. ಆರು ತಂತಿ ಬಿಗಿದರು. ಕಾಳಪ್ಪನವರು ಕಟ್ಟೆಯ ಗೆಳೆಯರಿಗೆಲ್ಲ ಹೇಳಿಬಿಟ್ಟಿದ್ದರು. ಅವರೆಲ್ಲ ಬಂದು ಮಣೆಗಳ ಮೇಲೆ ಕುಳಿತರು. ಐರಿನ್ ಟೀಚರು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಮೀಟಿದರು. ನಾನು ಬಾಯಿ ಬಿಟ್ಟೆ. ಆದರೆ ಬಂದದ್ದು, ಮುಚ್ಚಿದ ಕೋಣೆಯೊಳಗಿಂದ ಯಾರೋ ಕೆಮ್ಮಿದಂಥ ಸದ್ದು. ಟೀಚರು ಇನ್ನೊಮ್ಮೆ ಮೀಟಿದರು. ಆಮೇಲೆ ಪಾಲಿಶ್ ಬಹಳ ಚಂದ ಬಂದಿದೆ ಎಂದರು.

ಕಾಳಪ್ಪನವರಿಗೆ ಆ ಹೊಗಳಿಕೆ ಸಾಲದಾಯಿತು. ನನ್ನನ್ನು ತೆಗೆದುಕೊಂಡು ಚಾಪೆಯ ಮೇಲೆ ಬೋರಲು ಮಲಗಿಸಿದರು. ಚಪ್ಪಲಿ ಬಿಟ್ಟು ನನ್ನ ಬೆನ್ನಿನ ಮೇಲೆ ಎರಡೂ ಕಾಲಿಟ್ಟು ನಿಂತರು. ನಾನು ಮಿಸುಕಲಿಲ್ಲ.

"ನೋಡ್ರಿ ಟೀಚರ್, ಇಬ್ಬರು ಕುಂತ್ರೂ ಏನೂ ಆಗಂಗಿಲ್ಲ" ಅಂದರು.

ಗೆಳೆಯರು ಚಪ್ಪಾಳೆ ತಟ್ಟಿದರು. ಟೀಚರು ತಟ್ಟಲಿಲ್ಲ. ಎಲ್ಲರೂ ಹೋದ ಮೇಲೆ ಮೆಲ್ಲನೆ ಹೇಳಿದರು: "ಕಾಳಪ್ಪನವ್ರ, ನಿಮ್ಮ ಕೈಯಾಗ ಏನೂ ತಪ್ಪಿಲ್ರಿ. ಆದ್ರ ತಂತಿ ಮೀಟಿದ್ರ ಇಡೀ ಹಲಗಿ ನಡಗಬೇಕು. ಅಂದ್ರನ ಅದು ಹಾಡತೈತಿ. ಇದು ನಡಗಾಕ ತಯಾರಿಲ್ಲ."

ಅಂದೇ ನನ್ನನ್ನು ಗೂಟಕ್ಕೆ ನೇತುಹಾಕಿದರು. ಕಾಳಪ್ಪನವರು ಕಟ್ಟೆಗೆ ಹೋಗುವುದನ್ನು ಬಿಟ್ಟರು. ಮೂವತ್ತಾರು ವರ್ಷದಲ್ಲಿ ಅವರ ಒಂದು ಕೆಲಸವೂ ಸರಿಯಿಲ್ಲವೆಂದು ವಾಪಸು ಬಂದಿರಲಿಲ್ಲ. ಈಗ ನನ್ನನ್ನು ಬಿಚ್ಚಿದರೆ ಸೋತೆನೆಂದು ಒಪ್ಪಿದಂತೆ. ಬಿಚ್ಚುವಾಗ ನಾನು ಸೀಳಿದರೆ ಅದೂ ಇಲ್ಲ, ಇದೂ ಇಲ್ಲ. ಅಂಥ ಪೈನ್ ಹಲಗೆ ಇನ್ನೊಂದು ಸಿಗುವಂತಿರಲಿಲ್ಲ. ದಿನವೂ ಬಂದು ನನ್ನ ಮುಂದೆ ನಿಲ್ಲುವರು, ಬೆರಳಿನಿಂದ ಒಮ್ಮೆ ತಟ್ಟುವರು, ಹೋಗಿ ಕೂರುವರು. ಖಾಲಿ ಕೈಯಲ್ಲಿ ಕೂತ ಕಾಳಪ್ಪನವರನ್ನು ನೀಲವ್ವ ಮದುವೆಯಾದಾಗಿನಿಂದ ನೋಡಿರಲಿಲ್ಲ. ಅವಳಿಗೆ ನಿಜಕ್ಕೂ ಹೆದರಿಕೆಯಾಯಿತು. ನನಗೂ ಆಗಿತ್ತು. ನಾನು ಎಷ್ಟು ಗಟ್ಟಿಯಾಗಿದ್ದೆನೆಂದರೆ, ಆ ಗೂಟದಲ್ಲಿ ನೂರು ವರ್ಷ ನೇತಾಡುವುದು ನನಗೆ ಕಷ್ಟವಿರಲಿಲ್ಲ.

ಎರಡು ತಿಂಗಳಾದ ಮೇಲೆ ನೀಲವ್ವ ತಾನೇ ನನ್ನನ್ನು ಗೂಟದಿಂದ ಇಳಿಸಿ ಗಂಡನ ಮುಂದಿಟ್ಟಳು.

"ಗೂಟಕ್ಕ ಹಾಕಾಕಂತ ವರ್ಷದ ಮ್ಯಾಲ ಮೈ ಮುರಕೊಂಡ್ರೇನು? ಮುರಿದ್ರ ಮುರೀಲಿ. ಬಿಚ್ರಿ."

ಕಾಳಪ್ಪನವರು ನನ್ನನ್ನು ಬೋರಲು ಮಲಗಿಸಿದರು. ಆಮೇಲೆ ಇಸ್ತ್ರಿ ಪೆಟ್ಟಿಗೆ ತರಲು ಹೇಳಿದರು. ಒದ್ದೆ ಬಟ್ಟೆಯ ಮೇಲೆ ಇಸ್ತ್ರಿಯ ಬಿಸಿ ಕೊಡುತ್ತಾ, ಅಂಟು ಸಡಿಲಿದ ಕಡೆ ತೆಳು ಚಾಕು ತೂರಿಸುತ್ತಾ, ಅಂಗುಲ ಅಂಗುಲವಾಗಿ ನನ್ನ ಬೆನ್ನನ್ನು ಬಿಡಿಸಿದರು. ನಾನು ಸೀಳಲಿಲ್ಲ. ನನ್ನೊಳಗೆ ಬೆಳಕು ಬಿದ್ದಾಗ ತಮ್ಮ ಪಟ್ಟಿಗಳನ್ನು ನೋಡಿ ಅವರೇ ನಕ್ಕರು. ಅದರ ಮೇಲೆ ಒಂದು ಸಂಸಾರ ಮುಂಬಯಿಗೆ ಹೋಗಿಬರಬಹುದು ಅಂದರು.

ಉಳಿಯಿಂದ ಪಟ್ಟಿಗಳನ್ನು ಸವರಿದರು, ಗಾಜಿನ ಚೂರಿನಿಂದ ಎದೆಯನ್ನು ಕೆರೆದರು. ಆದರೆ ಎಲ್ಲಿ ನಿಲ್ಲಿಸಬೇಕು? ಗಟ್ಟಿ ಮಾಡುವುದು ಗೊತ್ತಿದ್ದವರಿಗೆ ತೆಳುವಿನ ಲೆಕ್ಕ ಗೊತ್ತಿರಲಿಲ್ಲ. ಅಳತೆಯ ಪ್ರಕಾರ ಹೋಗೋಣವೆಂದರೆ ಈ ಮರ ಬೇರೆ, ಆ ಮರ ಬೇರೆ. ಅವರು ಹೀಗೆ ತಟ್ಟಿ ತಟ್ಟಿ ನೋಡುತ್ತಿದ್ದಾಗ ಒಳಗೆ ನೀಲವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಮೊದಲು ದಪ್ಪ ಸದ್ದು. ರೊಟ್ಟಿ ಅಗಲವಾದಂತೆ ಸದ್ದು ಬಿಚ್ಚಿಕೊಂಡು ಹಗುರಾಗುತ್ತಿತ್ತು. ಅವಳು ಕಣ್ಣಿನಿಂದ ನೋಡುತ್ತಲೂ ಇರಲಿಲ್ಲ. ಪಕ್ಕದ ಮನೆಯವಳೊಡನೆ ಮಾತಾಡುತ್ತಾ, ಸದ್ದು ಬದಲಾದ ಕ್ಷಣಕ್ಕೆ ಸರಿಯಾಗಿ ಎತ್ತಿ ಹಂಚಿಗೆ ಹಾಕುತ್ತಿದ್ದಳು.

ಕಾಳಪ್ಪನವರು ನನ್ನನ್ನು ಎತ್ತಿಕೊಂಡು ಅಡಿಗೆಮನೆಗೆ ಹೋದರು. ಕಿವಿಯ ಹತ್ತಿರ ಹಿಡಿದು ತಟ್ಟಿ, ಇದೇನು ಹೇಳುತ್ತದೆ ಎಂದು ಕೇಳಿದರು. ಇನ್ನೂ ದಪ್ಪವಿದೆ ಎಂದಳು ನೀಲವ್ವ, ಹಿಟ್ಟಿನ ಕೈಯನ್ನು ಅಲ್ಲಾಡಿಸುತ್ತಾ. ಅವರು ಹೋಗಿ ಕೆರೆದು ಮತ್ತೆ ತಂದರು. ಹೀಗೆ ಹದಿನೈದು ದಿನ, ರೊಟ್ಟಿಯ ಹೊತ್ತಿಗೆ ನನ್ನ ಪರೀಕ್ಷೆ ನಡೆಯಿತು. ಮೊದಮೊದಲು ಕೆರೆಯಲು ಹೆದರುತ್ತಿದ್ದವರಿಗೆ ಕೊನೆಗೆ ಕೆರೆಯುವುದೇ ರುಚಿಯಾಗಿ, ಒಂದು ಬೆಳಿಗ್ಗೆ ಇನ್ನಷ್ಟು ತೆಗೆಯಲು ಹೊರಟರು. ನೀಲವ್ವ ಅವರ ಕೈ ಹಿಡಿದಳು.

"ಸಾಕ್ರಿ. ಇನ್ನ ಬಡದ್ರ ಹರೀತೈತಿ."

ಅಲ್ಲಿಗೆ ನಿಂತಿತು. ಬೆನ್ನು ಮತ್ತೆ ಅಂಟಿಸಿ, ತಂತಿ ಕಟ್ಟಿ, ಐರಿನ್ ಟೀಚರನ್ನು ಕರೆದರು. ಈ ಸಲ ಗೆಳೆಯರನ್ನು ಕರೆಯಲಿಲ್ಲ. ಟೀಚರು ಮೀಟಿದರು. ನನ್ನೊಳಗೆ ಏನೋ ಎದ್ದು ದುಂಡು ಕಿಂಡಿಯಿಂದ ಹೊರಗೆ ಹೋಗಿ, ಪಡಸಾಲೆ ತುಂಬಿ, ಅಂಗಳಕ್ಕೆ ಇಳಿಯಿತು. ಅದು ನನ್ನದೇ ದನಿ ಎಂದು ತಿಳಿಯಲು ನನಗೇ ಸ್ವಲ್ಪ ಹೊತ್ತು ಹಿಡಿಯಿತು. ಕಾಳಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. ನೀಲವ್ವ ಒಳಗಿನಿಂದ, ರೊಟ್ಟಿ ಸೀಯುತ್ತದೆ, ಯಾರಾದರೂ ಬನ್ನಿ, ನಾನೂ ಕೇಳಬೇಕು ಎಂದು ಕೂಗಿದಳು.

ಆಮೇಲೆ ಹನ್ನೊಂದು ವರ್ಷ ನಾನು ಆ ಮನೆಯಲ್ಲಿದ್ದೆ. ಕಾಳಪ್ಪನವರು ಟೀಚರ ಬಳಿ ಹೋಗಿ ಎರಡು ಹಾಡು ಕಲಿತರು. ಎರಡನ್ನೂ ಬಹಳ ಕೆಟ್ಟದಾಗಿ, ಬಹಳ ಖುಷಿಯಿಂದ ನುಡಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ನೀಲವ್ವ ನನ್ನನ್ನು ತಾನೇ ಹೊತ್ತು ಐರಿನ್ ಟೀಚರ ಮನೆಗೆ ಬಿಟ್ಟಳು, ಸುಮ್ಮನೆ ಕೂತರೆ ಹಾಳಾಗುತ್ತದೆ ಎಂದು. ಅಲ್ಲಿ ಎಷ್ಟೋ ಬೆರಳುಗಳು ನನ್ನ ಮೇಲೆ ಕಲಿತವು.

ತೆಳುವಾದದ್ದಕ್ಕೆ ವಯಸ್ಸು ಬೇಗ ಬರುತ್ತದೆ. ತಂತಿಯ ಎಳೆತಕ್ಕೆ ನನ್ನ ಎದೆ ಉಬ್ಬಿತು, ಒಂದು ಬೇಸಿಗೆಯಲ್ಲಿ ಉದ್ದಕ್ಕೆ ಬಿರುಕು ಬಿಟ್ಟಿತು. ರಿಪೇರಿಯವನು ನೋಡಿ, ಒಳಗೊಂದು ದಪ್ಪ ಹಲಗೆ ಅಂಟಿಸುತ್ತೇನೆ, ಮೊಮ್ಮಕ್ಕಳ ಕಾಲಕ್ಕೂ ಅಲುಗಾಡದು, ದನಿ ಮಾತ್ರ ಹೋಗುತ್ತದೆ, ಗೋಡೆಗೆ ಚಂದ ಕಾಣುತ್ತದೆ ಎಂದ. ಟೀಚರು ನೀಲವ್ವನನ್ನು ಕರೆಸಿ ಕೇಳಿದರು. ನಾನು ಮೇಜಿನ ಮೇಲೆ ಅಂಗಾತ ಮಲಗಿದ್ದೆ.

"ಬ್ಯಾಡ" ಅಂದಳು ನೀಲವ್ವ. "ಇದಕ್ಕ ಬಾಯಿ ಬರಲಿ ಅಂತ ಅವರು ಎಷ್ಟ ಹೆದರಿ ಬಿಚ್ಚಿದ್ರು, ನಂಗ ಗೊತ್ತೈತಿ. ಮತ್ತ ಮೂಕ ಮಾಡಬ್ಯಾಡ್ರಿ. ಎಷ್ಟ ದಿನ ಹಾಡತೈತೋ ಹಾಡ್ಲಿ."

ಹಾಗಾಗಿ ಬಿರುಕಿಗೆ ಸಣ್ಣ ತೇಪೆ ಮಾತ್ರ ಹಾಕಿ, ತಂತಿಗಳನ್ನು ಸಡಿಲಿಸಿ ನನ್ನ ಸ್ವರವನ್ನು ತಗ್ಗಿಸಿದರು. ಎಳೆಯರಿಗೆ ಈ ಸ್ವರ ಹೊಂದುವುದಿಲ್ಲ. ಆದರೆ ಗುರುವಾರ ಸಂಜೆ ಟೀಚರ ಮನೆಯಲ್ಲಿ ಸೇರಿ ಹಾಡುವ ವಯಸ್ಸಾದ ಹೆಂಗಸರ ದನಿಯೂ ಕೆಳಗಿಳಿದಿದೆ. ಅವರಿಗೆ ನಾನು ಹೇಳಿ ಮಾಡಿಸಿದಂತೆ ಇದ್ದೇನೆ. ಎಷ್ಟು ಕಾಲ ಎಂದು ನನಗೆ ಗೊತ್ತಿಲ್ಲ, ಆ ಬಗ್ಗೆ ದೂರೂ ಇಲ್ಲ. ನನಗೆ ಮೈ ಕೊಟ್ಟದ್ದಕ್ಕಿಂತ, ಕೊಟ್ಟದ್ದರಲ್ಲಿ ಅರ್ಧವನ್ನು ಕೆರೆದು ತೆಗೆದದ್ದಕ್ಕೆ ನಾನು ಕಾಳಪ್ಪನವರಿಗೆ ಹೆಚ್ಚು ಋಣಿ.

ನೀಲವ್ವ ಈಗಲೂ ಗುರುವಾರ ಬರುತ್ತಾಳೆ. ಆ ಹಾಡುಗಳು ಅವಳಿಗೆ ಬರುವುದಿಲ್ಲ, ಕಿವಿಯೂ ಬಹುಪಾಲು ಹೋಗಿದೆ. ಟೀಚರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು, ಹಾಡು ಶುರುವಾದ ಕೂಡಲೇ ನನ್ನ ಪಕ್ಕೆಯ ಮೇಲೆ ಅಂಗೈ ಇಡುತ್ತಾಳೆ. ಹಾಡು ಮುಗಿಯುವವರೆಗೂ ತೆಗೆಯುವುದಿಲ್ಲ. ಕಳೆದ ವಾರ ಹೊಸದಾಗಿ ಬಂದ ಹೆಂಗಸೊಬ್ಬಳು, ಅಜ್ಜಿಗೆ ಏನಾದರೂ ಕೇಳಿಸುತ್ತದೆಯೇ ಎಂದು ಟೀಚರನ್ನು ಕೇಳಿದಳು. ತುಟಿಯ ಚಲನೆ ನೋಡಿಯೇ ನೀಲವ್ವನಿಗೆ ಅರ್ಥವಾಯಿತು.

"ಕೇಳಂಗಿಲ್ಲವ್ವ" ಅಂದಳು. "ನಡಗತೈತಿ. ನಂಗ ಅಷ್ಟ ಸಾಕು."