ತಲೆ ಎತ್ತಿದವಳು

ಆಲೂಗಡ್ಡೆಯ ಸಿಪ್ಪೆ ಅರ್ಧ ಹೆರೆದಿದ್ದಳು, ಅಷ್ಟರಲ್ಲಿ ಗಂಡ ವಾರ್ಡ್ ಕೂಗಿದ. "ಲೀಸ್, ಬಾ ಇಲ್ಲಿ. ಅಮ್ಮ ನಿನ್ನ ಚಿತ್ರ ನೋಡ್ತಿದ್ದಾಳೆ."

ಲೀಸ್ಬೆತ್ ಚಾಕು ಕೆಳಗಿಡದೆಯೇ ಹೋದಳು. ನಡುಮನೆಯ ಗೋಡೆಗೆ ಒರಗಿಸಿದ್ದ ಕ್ಯಾನ್ವಾಸಿನ ಮುಂದೆ ಗಂಡ, ಅತ್ತೆ, ಆರು ವರ್ಷದ ಮಗಳು ನೋರ್. ಸಂಜೆ ಅದನ್ನು ಚಿತ್ರಶಾಲೆಗೆ ಒಯ್ಯಬೇಕು, ವಿದ್ಯಾರ್ಥಿಗಳ ಪ್ರದರ್ಶನ.

ನಾನೂರು ವರ್ಷ ಹಳೆಯ ಚಿತ್ರವೊಂದರ ನಕಲು. ಹುಲ್ಲಿನ ಮಾಡುಗಳು, ಹೆಪ್ಪುಗಟ್ಟಿದ ಕೆರೆ, ಹಂದಿ ಕೊಯ್ಯುವ ಗಂಡಸರು. ಮುಂದುಗಡೆ, ಹಾಲಿನ ಬಕೆಟ್ಟು ಹಿಡಿದು ನಡೆಯುವ ಹೆಂಗಸು. ಐದು ತಿಂಗಳ ಕೆಲಸ.

"ಈ ಹಾಲಿನವಳಿಗೆ ಮಾತ್ರ ಜೀವ ಇದೆ ಕಣೇ," ಅಂದರು ಅತ್ತೆ. "ಎಷ್ಟು ತಗ್ಗಿ ನಡೀತಾಳೆ ನೋಡು. ಉಳಿದೋರೆಲ್ಲ ಮರದ ಗೊಂಬೆಗಳು."

"ಅಮ್ಮಾ!" ವಾರ್ಡ್ ನಕ್ಕ. "ಆದ್ರೂ ಲೀಸ್, ಇವಳನ್ನ ನೀನೇ ಬರೆದೆ ಅಂದ್ರೆ ನಂಬೋಕಾಗಲ್ಲ."

"ನಂಬಬೇಡ."

"ಅಂದ್ರೆ?"

"ಆಲೂಗಡ್ಡೆ ಹಾಗೇ ಇದೆ."

ನೋರ್ ಅಮ್ಮನ ಮುಖ ನೋಡಿದಳು. ನಿನ್ನೆ ಚಿತ್ರಶಾಲೆಯ ತರಗತಿಯಲ್ಲಿ ಅವಳೂ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು.

ಮೂಲದಲ್ಲಿ ಹಾಲಿನವಳು ನೆಲ ನೋಡುತ್ತಾಳೆ. ಹಿಂದಿನ ವಾರ ಲೀಸ್ಬೆತ್‌ಳ ಕೈಯಲ್ಲಿ ಅವಳು ಹೇಗೋ ತಲೆ ಎತ್ತಿಬಿಟ್ಟಿದ್ದಳು. ಕತ್ತು ಸೊಟ್ಟ, ಒಂದು ಕಣ್ಣು ದೊಡ್ಡದು. ಆದರೂ ನೇರ ನೋಡುತ್ತಿದ್ದಳು, ಯಾರನ್ನೋ ಬೈಯಲು ನಿಂತವಳ ಹಾಗೆ. ಒಂಬತ್ತು ವರ್ಷ ಭೂಗೋಳ ಕಲಿಸಿ, ಮಗು ಹುಟ್ಟಿದ ಮೇಲೆ ಕೆಲಸ ಬಿಟ್ಟ ಲೀಸ್ಬೆತ್‌ಗೆ, ಬಹಳ ಕಾಲದ ನಂತರ ತನ್ನದೆನ್ನಲು ಸಿಕ್ಕಿದ್ದು ಅದೊಂದು ತಲೆ.

"ನಕಲು ಅಂದ್ರೆ ನಕಲು, ಅಮ್ಮಾವ್ರೇ," ಅಂದಿದ್ದರು ನಿನ್ನೆ ಚಿತ್ರದ ಮೇಷ್ಟ್ರು. "ಸ್ವಂತ ಬುದ್ಧಿ ಮನೇಲಿ ಬಿಟ್ಟು ಬನ್ನಿ." ಅವಳ ಕೈಯಿಂದಲೇ ಕುಂಚ ಕಿತ್ತುಕೊಂಡು, ಹತ್ತು ನಿಮಿಷದಲ್ಲಿ ಆ ತಲೆಯ ಮೇಲೆ ಬಗ್ಗಿದ ತಲೆಯೊಂದನ್ನು ಬರೆದರು. ತರಗತಿ ಚಪ್ಪಾಳೆ ತಟ್ಟಿತು.

ಲೀಸ್ಬೆತ್ "ಥ್ಯಾಂಕ್ಸ್" ಅಂದಿದ್ದಳು. ರಾತ್ರಿಯಿಡೀ ಸುಟ್ಟದ್ದು ಅದೇ.

ವಾರ್ಡ್ ತಾಯಿಯನ್ನು ಮನೆಗೆ ಬಿಟ್ಟುಬರಲು ಹೊರಟ. ಬಾಗಿಲು ಮುಚ್ಚುತ್ತಲೇ ಅವಳು ಬಟ್ಟೆಯ ತುಂಡನ್ನು ಟರ್ಪೆಂಟೈನಿನಲ್ಲಿ ಅದ್ದಿದಳು. ಮೇಷ್ಟ್ರ ಬಣ್ಣ ಇನ್ನೂ ಹಸಿ. ಒರೆಸಿದರೆ ಹೋಗುತ್ತದೆ, ಅಡಿಯಲ್ಲಿ ವಾರದ ಹಿಂದಿನ ತನ್ನವಳು ಒಣಗಿ ಇದ್ದೇ ಇರುತ್ತಾಳೆ.

ತಗ್ಗಿದ ಹಣೆ ಮೊದಲು ಹೋಯಿತು. ಆಮೇಲೆ ವಿನಯದ ಕತ್ತು. ಹಲ್ಲು ಕಚ್ಚಿ ತಿಕ್ಕಿದಳು. ಮೇಷ್ಟ್ರನ್ನು, ಚಪ್ಪಾಳೆಯನ್ನು, "ನಂಬೋಕಾಗಲ್ಲ"ವನ್ನು, ಎಲ್ಲಕ್ಕಿಂತ ಗಟ್ಟಿಯಾಗಿ ತನ್ನ ಥ್ಯಾಂಕ್ಸನ್ನು.

ಬಟ್ಟೆಯಲ್ಲಿ ಸೊಟ್ಟ ಕತ್ತಿನ ಕಂದು ಬಣ್ಣ ಕಂಡಾಗಲೇ ಕೈ ನಿಂತದ್ದು. ಅವತ್ತು ಖುಷಿಯಲ್ಲಿ ಬಣ್ಣಕ್ಕೆ ಅಗಸೆ ಎಣ್ಣೆ ಧಾರಾಳವಾಗಿ ಸುರಿದಿದ್ದಳು. ಅದಕ್ಕೇ ಅದು ವಾರವಾದರೂ ಒಣಗಿರಲಿಲ್ಲ.

ಕೆರೆ ಇತ್ತು, ಹಂದಿ ಇತ್ತು, ಗಂಡಸರಿದ್ದರು. ಹೆಗಲ ಮೇಲೆ ತಲೆಯೇ ಇಲ್ಲದ ಹೆಂಗಸು, ಹಾಲು ಚೆಲ್ಲದಂತೆ ಬಕೆಟ್ಟು ಹಿಡಿದು ನಡೆಯುತ್ತಲೇ ಇದ್ದಳು.

ನೋರ್ ಹತ್ತಿರ ಬಂದು ಬಟ್ಟೆಯನ್ನೂ ಚಿತ್ರವನ್ನೂ ನೋಡಿದಳು.

"ಮೇಷ್ಟ್ರು ಬರೆದೋಳು ಹೋದ್ಲು," ಅಂದಳು. "ನೀನು ಬರೆದೋಳು ಎಲ್ಲಮ್ಮಾ?"