ಸೋದರಮಾವ ತಂದ ಬಿಡಿ ಮೊಗ್ಗು

ಮಹದೇವು ಮೇಷ್ಟ್ರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರ್ ಆಗಿದ್ದು ನಿವೃತ್ತರಾದವರು. ಮೈದಾನದ ತುಂಬ ಮಕ್ಕಳನ್ನು ಒಂದೇ ಸೀಟಿಗೆ ಸಾಲಾಗಿ ನಿಲ್ಲಿಸುತ್ತಿದ್ದ ಈ ಮನುಷ್ಯನಿಗೆ ಸ್ವಂತ ಅಕ್ಕನ ಮುಂದೆ ಹೋಗಿ ನಿಲ್ಲುವುದಕ್ಕೆ ಎರಡು ವರ್ಷದಿಂದ ಧೈರ್ಯ ಸಾಲುತ್ತಿರಲಿಲ್ಲ. ಅಕ್ಕ ದೇವಿರಮ್ಮ ದೂರದಲ್ಲೇನೂ ಇರಲಿಲ್ಲ. ಇವರದು ಸರಸ್ವತಿಪುರಂ, ಅವರದು ಲಕ್ಷ್ಮೀಪುರಂ. ಅಷ್ಟು ಹತ್ತಿರಕ್ಕೆ ಬರಲು ಆಟೋದವರು ಮೂಗು ಮುರಿಯುತ್ತಾರೆ.

ತಪ್ಪು ಮೇಷ್ಟ್ರದೇ, ಅದರಲ್ಲಿ ಎರಡು ಮಾತಿಲ್ಲ. ಹಳೆಯ ಮನೆ ಕೆಡವಿ ಹೊಸದು ಕಟ್ಟಿಸಿದಾಗ ಗೃಹಪ್ರವೇಶಕ್ಕೆ ಊರೆಲ್ಲ ಸುತ್ತಿ ಕರೆದರು. ಹಾಲು ಹಾಕುವವನ ಮನೆಗೂ ಹೋಗಿ ಪತ್ರಿಕೆ ಕೊಟ್ಟು ಕಾಫಿ ಕುಡಿದು ಬಂದರು. ಅಕ್ಕನಿಗೆ ಮಾತ್ರ ವಾಟ್ಸಾಪಿನಲ್ಲಿ ಪತ್ರಿಕೆಯ ಫೋಟೊ ಕಳಿಸಿ, ಕೆಳಗೊಂದು ಕೈಮುಗಿಯುವ ಚಿತ್ರ ಅಂಟಿಸಿಬಿಟ್ಟರು. ಅಕ್ಕ ಅಂದರೆ ಮನೆಯವಳೇ, ಅವಳಿಗೇನು ಉಪಚಾರ ಎನ್ನುವುದು ಇವರ ಲೆಕ್ಕ. ಹುಟ್ಟಿದ ಮನೆಯ ಹೆಣ್ಣುಮಗಳನ್ನು ಎಲ್ಲರಿಗಿಂತ ಮೊದಲು, ಮನೆಗೆ ಬಂದು, ಕುಂಕುಮ ಕೊಟ್ಟು ಕರೆಯಬೇಕು ಎನ್ನುವುದು ಅವರ ಲೆಕ್ಕ. ದೇವಿರಮ್ಮ ಗೃಹಪ್ರವೇಶಕ್ಕೆ ಬರಲಿಲ್ಲ. "ಇನ್ನು ಆ ಮನೆ ಹೊಸ್ತಿಲು ತುಳಿಯಲ್ಲ" ಎಂದು ನೆಂಟರ ಮುಂದೆ ಹೇಳಿದರು, ಹೇಳಿದ ಹಾಗೇ ನಡೆದುಕೊಂಡರು. ಸಮಾಧಾನ ಮಾಡಲು ಮೇಷ್ಟ್ರು ಒಮ್ಮೆ ಹೋದಾಗ ಅಡುಗೆಮನೆಯಿಂದ ಈಚೆಗೇ ಬರಲಿಲ್ಲ. ಮೇಷ್ಟ್ರ ಧೈರ್ಯ ಅವತ್ತಿಗೇ ಮುಗಿಯಿತು.

ಈಗ ಅಕ್ಕನ ಮಗಳು ಬಿಂದುಶ್ರೀಗೆ ಏಳು ತಿಂಗಳು. ಹೂ ಮುಡಿಸುವ ಶಾಸ್ತ್ರ ಇಟ್ಟುಕೊಂಡಿದ್ದರು. ಬಸುರಿಗೆ ಮೊದಲು ಮುಡಿಸುವ ಹೂವು ಸೋದರಮಾವನ ಕಡೆಯಿಂದ ಬರಬೇಕೆನ್ನುವುದು ಅವರ ಮನೆತನದ ಪದ್ಧತಿ. ಬಿಂದುಶ್ರೀಯೇ ಫೋನ್ ಮಾಡಿದಳು.

"ಮಾವ, ನೀವು ಹೂವು ತರ್ದೆ ಇದ್ರೆ ನಾನು ಹಸೆ ಮೇಲೆ ಕೂರಲ್ಲ. ಅಮ್ಮಂಗೆ ನಾನು ಹೇಳ್ಕೋತೀನಿ, ನೀವು ಬಂದ್ಬುಡಿ."

ಮೇಷ್ಟ್ರ ಮನಸ್ಸಿನಲ್ಲಿ ಆಸೆ ಚಿಗುರಿತು. ತಾನು ತಂದ ಹೂವನ್ನು ಅಕ್ಕ ಕೈಚಾಚಿ ತೆಗೆದುಕೊಂಡರೆ ಸಾಕು. ಜೊತೆಗೆ ನಾಲ್ಕು ಮಾತು ಬೈದರಂತೂ ಬಂಗಾರ.

ಶಾಸ್ತ್ರದ ದಿನ ಬೆಳಕು ಹರಿಯುತ್ತಲೇ ಎದ್ದು ಸ್ನಾನ ಮಾಡಿ ಸ್ಕೂಟರ್ ಹತ್ತಿದರು. "ಮೂಲೆ ಅಂಗಡೀಲಿ ಸಿಗಲ್ವೇನ್ರೀ ಹೂವು?" ಎಂದು ಹೆಂಡತಿ ಸುಮಾ ಕೇಳಿದ್ದಕ್ಕೆ, "ನನ್ನ ಸೊಸೆಗೆ ಮೂಲೆ ಅಂಗಡಿ ಹೂವಾ?" ಎಂದು ಎದೆ ಸೆಟೆಸಿ ಹೊರಟರು. ನೆಟ್ಟಗೆ ಹೋದದ್ದು ಸಗಟು ಹೂವಿನ ಮಾರುಕಟ್ಟೆಗೆ.

ಮನೆಗೆ ಹೂವು ತರುವ ಕೆಲಸವನ್ನು ಜೀವಮಾನವಿಡೀ ಹೆಂಡತಿಗೇ ಬಿಟ್ಟಿದ್ದ ಮೇಷ್ಟ್ರು ಅಲ್ಲಿ ಕಣ್ಣುಕಣ್ಣು ಬಿಟ್ಟರು. ಒದ್ದೆ ಗೋಣಿತಾಟಿನ ಮೇಲೆ ಸೊಂಟದುದ್ದ ಚೆಂಡುಹೂವಿನ ರಾಶಿ, ಪಕ್ಕದಲ್ಲಿ ಸೇವಂತಿಗೆ, ಬುಟ್ಟಿಬುಟ್ಟಿ ಕನಕಾಂಬರ. ಕಾಲಡಿ ಎಲ್ಲ ಜಾರು. ತಲೆಯ ಮೇಲೆ ಮೂಟೆ ಹೊತ್ತವರು "ಸೈಡು, ಸೈಡು" ಎನ್ನುತ್ತ ಇವರನ್ನು ಅತ್ತ ಒಮ್ಮೆ ಇತ್ತ ಒಮ್ಮೆ ನೂಕಿದರು. ಅಷ್ಟರ ನಡುವೆಯೂ ಮಲ್ಲಿಗೆಯ ವಾಸನೆ ಎಲ್ಲಿಂದ ಬರುತ್ತಿದೆ ಎಂದು ಮೂಗಿಗೆ ತಿಳಿಯುತ್ತಿತ್ತು. ಮೇಷ್ಟ್ರಿಗೆ ಖುಷಿಯಾಗಿಬಿಟ್ಟಿತು. ಇಷ್ಟು ವರ್ಷ ಈ ಕಡೆ ಯಾಕೆ ಬರಲಿಲ್ಲವೋ ಎನಿಸಿತು.

ಮಲ್ಲಿಗೆ ಸಾಲಿನಲ್ಲಿ ಶಿವನಂಜಮ್ಮ ಎನ್ನುವ ಹೆಂಗಸು ಕೂತಿದ್ದಳು. ಅವಳ ಒಂದು ಬದಿಗೆ ಕಟ್ಟಿದ ಮಲ್ಲಿಗೆಯ ಉಂಡೆಗಳು, ಇನ್ನೊಂದು ಬದಿಗೆ ಮೂಟೆಯಿಂದ ಆಗತಾನೆ ಸುರಿದ ಬಿಡಿ ಮೊಗ್ಗು. ಕಟ್ಟಿದ್ದು ಆಗಲೇ ಒಂದಿಷ್ಟು ಬಾಯಿ ಬಿಟ್ಟಿತ್ತು. ಬಿಡಿಯದು ಬೆಳ್ಳಗೆ, ಬಿಗಿಯಾಗಿ, ಹಾಲುಹಲ್ಲಿನ ಹಾಗೆ ಮಿನುಗುತ್ತಿತ್ತು. ಮೇಷ್ಟ್ರು ಎರಡನೆಯ ಯೋಚನೆ ಮಾಡಲಿಲ್ಲ.

"ಇದೇ ಕೊಡಮ್ಮ. ಧಾರಾಳವಾಗಿ ಕೊಡು."

"ಬಿಡಿ ಹೂವು ಸಾ ಇದು. ಮನೇಲಿ ಕಟ್ಟೋರು ಅವ್ರಾ?"

"ಅವ್ರೆ, ಎಲ್ಲಾ ಅವ್ರೆ" ಎಂದರು ಮೇಷ್ಟ್ರು. ಹೂವು ಎಂದರೆ ಹೂವು, ಅದನ್ನು ಯಾರಾದರೂ ಕಟ್ಟಿಯೇ ಕಟ್ಟುತ್ತಾರೆ ಎಂದುಕೊಂಡರೇ ಹೊರತು, ಆ ಯಾರಾದರೂ ಯಾರು ಎಂದು ಯೋಚಿಸಲಿಲ್ಲ. ಶಿವನಂಜಮ್ಮ ಬಾಳೆಲೆ ಹಾಸಿದ ಚೀಲದ ತುಂಬ ಮೊಗ್ಗು ತುಂಬಿಸಿ, ಮೇಲೆ ಒಂದು ಬೊಗಸೆ ಕೊಸರು ಹಾಕಿ ಎಲೆ ಮಡಚಿದಳು.

ಲಕ್ಷ್ಮೀಪುರದ ಮನೆಯಲ್ಲಿ ರಂಗೋಲಿ ಹಾಕಿ, ಮಾವಿನೆಲೆ ಕಟ್ಟಿ ಆಗಿತ್ತು. ಬೀಗರು ಇನ್ನೇನು ಬರುವ ಹೊತ್ತು. ದೇವಿರಮ್ಮ ನಡುಮನೆಯಲ್ಲಿ ತಟ್ಟೆಗೆ ಬಳೆ ಜೋಡಿಸುತ್ತಿದ್ದವರು ತಲೆ ಎತ್ತಿ ತಮ್ಮನನ್ನು ನೋಡಿದರು, ಮತ್ತೆ ತಲೆ ತಗ್ಗಿಸಿದರು.

"ಬಿಂದು, ಯಾರೋ ಬಂದವ್ರೆ. ಕಾಫಿ ಕೊಡು."

ಮೇಷ್ಟ್ರು ನಗಲು ಹೋಗಿ ಆಗದೆ ಚೀಲವನ್ನು ಅಕ್ಕನ ಮುಂದಿಟ್ಟರು. ದೇವಿರಮ್ಮ ಬಾಳೆಲೆ ಸರಿಸಿ ನೋಡಿ ಗಾಬರಿಯಾದರು.

"ಬಿಂದು, ನಿಮ್ಮ ಮಾವನ್ನ ಕೇಳು. ಇದನ್ನ ಮುಡಿಸ್ಬೇಕಾ, ಇಲ್ಲ ತಲೆ ಮೇಲೆ ಸುರೀಬೇಕಾ?"

ಆಗ ಮೇಷ್ಟ್ರಿಗೆ ತಾನು ಮಾಡಿದ ಘನಕಾರ್ಯ ಹೊಳೆಯಿತು. ಬೀಗರ ಕಡೆಯವರು ಬೇರೆ ಜನ, ಅವರ ಶಾಸ್ತ್ರ ಸಂಪ್ರದಾಯವೇ ಬೇರೆ. ಬಿಂದುಶ್ರೀ ಮತ್ತು ಗುರುಕಿರಣ್ ಮೆಚ್ಚಿ ಮದುವೆಯಾದವರು. ಅಂಥವರ ಎದುರಿಗೆ ಸೋದರಮಾವ ಕಟ್ಟದ ಹೂವು ತಂದನೆಂದರೆ ತವರುಮನೆಯ ಮಾನ ಏನಾಗಬೇಕು?

"ಗುರುಕಿರಣಂಗೆ ಫೋನ್ ಮಾಡಿ, ಬರ್ತಾ ದಾರೀಲಿ ಕಟ್ಟಿರೋ ಹೂವು ತರೋಕೆ ಹೇಳು" ಎಂದರು ದೇವಿರಮ್ಮ.

ಮೇಷ್ಟ್ರ ಮುಖ ಸಪ್ಪಗಾಯಿತು. ಬೈಗುಳವೂ ಇಲ್ಲ, ಹೂವೂ ಬೇಡ. "ಹೋಗ್ಲಿ, ದೇವ್ರ ಮುಂದಾದ್ರೂ ಇಟ್ಬುಡಮ್ಮ ಬಿಂದು" ಎನ್ನುತ್ತ ಮೆಟ್ಟು ಹುಡುಕತೊಡಗಿದರು. ಆದರೆ ಬಿಂದುಶ್ರೀ ಫೋನ್ ಮುಟ್ಟಲಿಲ್ಲ. ದಾರದ ಉಂಡೆ ತಂದು, ಗೋಡೆ ಹಿಡಿದು ನಿಧಾನಕ್ಕೆ ನೆಲದ ಮೇಲೆ ಕೂತು, ಮೊಗ್ಗುಗಳನ್ನು ಎಲೆಯ ಮೇಲೆ ಹರವಿಕೊಂಡು ಕಟ್ಟಲು ಶುರುಮಾಡಿದಳು. ಕಟ್ಟಿದ್ದೆಲ್ಲ ಹಿಂದೆಯೇ ಉದುರುತ್ತಿತ್ತು.

ದೇವಿರಮ್ಮ ಅದನ್ನು ಸ್ವಲ್ಪ ಹೊತ್ತು ನೋಡಿದರು. ತಡೆಯಲಾಗಲಿಲ್ಲ.

"ಏಳೇ ಮೇಲೆ! ಬಸುರಿ ಹೆಂಗ್ಸು ತನ್ನ ಹೂವ ತಾನೇ ಕಟ್ಕೋತಾಳಾ ಎಲ್ಲಾದ್ರೂ!" ಎಂದು ದಾರ ಕಿತ್ತುಕೊಂಡು ತಾವೇ ಕೂತರು. ಅವರ ಬೆರಳು ಓಡುವುದನ್ನು ನೋಡುವುದೇ ಒಂದು ಸೊಗಸು. ಮೇಷ್ಟ್ರು ಮೆಟ್ಟು ಬಿಟ್ಟು ಬಂದು ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ, ಮೊಗ್ಗುಗಳನ್ನು ಎರಡೆರಡು ಜೋಡಿಸಿ ಅಕ್ಕನ ಕಡೆ ತಳ್ಳತೊಡಗಿದರು. ಸೊಟ್ಟ ಜೋಡಿಗಳನ್ನು ದೇವಿರಮ್ಮ ವಾಪಸು ಎಸೆದರು. ಎಸೆದದ್ದೇ ಹೆಚ್ಚು.

ಅರ್ಧವೂ ಆಗಿರಲಿಲ್ಲ, ಬಾಗಿಲಲ್ಲಿ ಬೀಗಿತ್ತಿ ಪ್ರೇಮಲೀಲಾ ಹಣ್ಣಿನ ತಟ್ಟೆ ಹಿಡಿದು ನಿಂತಿದ್ದರು. ಹಿಂದೆ ಅವರ ಕಡೆಯ ಹೆಂಗಸರ ಒಂದು ದಂಡು.

"ಇದೇನ್ರೀ ದೇವಿರಮ್ಮ, ಇನ್ನೂ ಹೂವು ಕಟ್ತಾನೇ ಇದ್ದೀರಾ? ಯಾರು ತಂದ್ರು ಇಷ್ಟೊಂದು ಬಿಡಿ ಹೂವ?"

ಮೇಷ್ಟ್ರು ತಲೆ ತಗ್ಗಿಸಿದರು. ನೆಲ ಬಾಯಿಬಿಟ್ಟರೆ ಒಳಗಿಳಿಯಲು ತಯಾರಾಗಿದ್ದರು.

ದೇವಿರಮ್ಮ ದಾರ ಬಿಗಿ ಮಾಡಿ, ತಣ್ಣಗೆ ಹೇಳಿದರು. "ನನ್ನ ತಮ್ಮ ತಂದ. ನಮ್ಮ ಕಡೆ ಹಂಗೇ ಕಣ್ರೀ ಪದ್ಧತಿ. ಸೋದರಮಾವ ಬಿಡಿ ಮೊಗ್ಗೇ ತರ್ಬೇಕು. ಎರಡೂ ಮನೆ ಹೆಂಗಸ್ರು ಕೂತು ಕಟ್ಬೇಕು. ಅಂಗಡಿಯೋರು ಕಟ್ಟಿದ್ದು ನಾವು ಮುಡಿಸಲ್ಲ."

"ಅಯ್ಯೋ, ಎಷ್ಟ್ ಚೆನ್ನಾಗಿದೆ! ಮೊದ್ಲೇ ಹೇಳೋದಲ್ವೇನ್ರೀ?" ಎಂದು ಪ್ರೇಮಲೀಲಾ ತಟ್ಟೆ ಇಟ್ಟು, ರೇಷ್ಮೆ ಸೀರೆಯ ಸೆರಗು ಸಿಕ್ಕಿಸಿ ಕೂತೇಬಿಟ್ಟರು. ಅವರು ಕೂತ ಮೇಲೆ ದಂಡೆಲ್ಲ ಕೂತಿತು. ನಡುಮನೆಯ ತುಂಬ ಮಾತು, ನಗು, ಮಲ್ಲಿಗೆ.

ಮೇಷ್ಟ್ರು ಅಕ್ಕನ ಕಿವಿಯ ಹತ್ತಿರ ಬಗ್ಗಿದರು. "ಅಕ್ಕ, ನಮ್ಮ ಕಡೆ ಈ ಪದ್ಧತಿ ಯಾವತ್ತಿಂದ ಇತ್ತು?"

"ಇವತ್ತಿಂದ. ಬಾಯ್ಮುಚ್ಕೊಂಡು ಜೋಡಿ ಮಾಡೋ."

ಎರಡು ವರ್ಷದಲ್ಲಿ ಅಕ್ಕ ತನ್ನ ಮುಖ ನೋಡಿ ಆಡಿದ ಮೊದಲ ಮಾತು ಅದು. ಮೇಷ್ಟ್ರು ಜೋಡಿ ಮಾಡಿದರು, ಕಣ್ಣು ಮಂಜಾಗಿ ಎಲ್ಲ ಇನ್ನಷ್ಟು ಸೊಟ್ಟಗಾದವು. ಈ ಸಲ ದೇವಿರಮ್ಮ ವಾಪಸು ಎಸೆಯಲಿಲ್ಲ, ಸೊಟ್ಟಗಿದ್ದದ್ದನ್ನು ತಾವೇ ನೆಟ್ಟಗೆ ಮಾಡಿ ಕಟ್ಟಿಕೊಂಡರು.

ಶಾಸ್ತ್ರ ಸ್ವಲ್ಪ ತಡವಾಗಿಯೇ ನಡೆಯಿತು. ಹೊತ್ತಿಗೆ ಸರಿಯಾಗಿ ಬಂದ ಸುಮಾ ಮೊದಲ ಹೂವು ಮುಡಿಸಿದಳು. ಬಿಂದುಶ್ರೀಯ ಜಡೆ ಕಾಣದಷ್ಟು ಮಲ್ಲಿಗೆ ಆಯಿತು. ಊಟ ಮುಗಿದು ಹೊರಡುವಾಗ ದೇವಿರಮ್ಮ ಬಾಗಿಲ ತನಕ ಬಂದು ಸುಮಾಳ ಹಣೆಗೆ ಕುಂಕುಮ ಇಟ್ಟರು. ಆಮೇಲೆ ತಮ್ಮನ ಕಡೆ ತಿರುಗಿದರು.

"ಮಗು ಹುಟ್ಟಲಿ. ನಾಮಕರಣಕ್ಕೆ ನಾನೇ ನಿನ್ನ ಮನೆಗೆ ಬಂದು, ಕುಂಕುಮ ಕೊಟ್ಟು, ಬಾಯ್ತುಂಬ ಕರೀತೀನಿ. ಕರಿಯೋದು ಹೆಂಗೆ ಅಂತ ಅವತ್ತು ನೋಡಿ ಕಲ್ತ್ಕೋ."

ಮೇಷ್ಟ್ರು ಅಕ್ಕನ ಕೈ ಹಿಡಿದುಕೊಂಡರು. "ಅಲ್ಲೀತನಕ ಯಾಕಕ್ಕ," ಎಂದರು, "ನಾಳೇನೇ ಬಾ."