ಟವೆಲ್ ಹಾಕಿದ ಸೀಟು

ನಮ್ಮ ಕಡೆ ಗಾಡಿಯಲ್ಲಿ ಸೀಟು ಹಿಡಿಯಲು ಚೀಟಿ ಬೇಕಿಲ್ಲ, ಟವೆಲ್ ಸಾಕು. ಸೀಟಿನ ಮೇಲೆ ಟವೆಲ್ ಹಾಕಿ ಚಹಾ ಕುಡಿಯಲು ಹೋದವನು ಎಷ್ಟು ತಡವಾಗಿ ಬಂದರೂ ಆ ಸೀಟು ಅವನದೇ. ಟವೆಲ್ ಇಲ್ಲದಿದ್ದರೆ ಕರವಸ್ತ್ರ, ಅದೂ ಇಲ್ಲದಿದ್ದರೆ ಒಂದು ಕಾಲಿನ ಚಪ್ಪಲಿ. ಜಗಳಗಂಟರು, ಕುಡುಕರು, ಹೊಲದ ಬದುವಿಗಾಗಿ ತಲೆ ಒಡೆದುಕೊಂಡವರು, ಇಂಥವರು ಕೂಡ ಇನ್ನೊಬ್ಬರ ಟವೆಲ್ ಮುಟ್ಟುವುದಿಲ್ಲ. ಹಾಗಂತ ನಾನು ನಂಬಿದ್ದೆ. ಟವೆಲ್ಲಿಗೂ ಒಂದು ಓಣಿ ಇರುತ್ತದೆ ಅನ್ನುವುದು ಮಕ್ಕಳಿಗೆ ಪಾಠ ಹೇಳುವ ನನಗೇ ಗೊತ್ತಿರಲಿಲ್ಲ.

ನಾನು ಸಾವಿತ್ರಿಬಾಯಿ, ಕಕ್ಕೇರಾದ ಸರಕಾರಿ ಶಾಲೆಯಲ್ಲಿ ಟೀಚರ್. ಮನೆ ಸುರಪುರದಲ್ಲಿ, ಊರಿನ ಅಂಚಿನ ಓಣಿಯಲ್ಲಿ. ಬಾಗಿಲು ತೆರೆದರೆ ಎದುರಿಗೇ ಬುದ್ಧನ ಪಟ. ನಮ್ಮವ್ವ ಬಾಲಮ್ಮ ಪಂಪಣ್ಣ ಸಾವ್ಕಾರರ ಕಾಳಿನ ಅಂಗಡಿಯಲ್ಲಿ ತೊಗರಿ ಹಸನು ಮಾಡುತ್ತಾಳೆ. ಮಗಳಿಗೆ ಪಗಾರ ಬರುವಾಗ ನಿನಗೆ ಆ ಮೊರದ ಧೂಳು ಯಾಕೆ ಎಂದು ನಾನು ಜಗಳವಾಡಿ ಸೋತು ಬಿಟ್ಟಿದ್ದೇನೆ. ಹೋದ ತಿಂಗಳು ಅದೇ ಅಂಗಡಿಯ ಚೀಲಗಳ ಮೇಲಿಂದ ಜಾರಿ ಬಿದ್ದು ಮೊಣಕಾಲಿನ ಚಿಪ್ಪು ಸೀಳಿಸಿಕೊಂಡಳು. ಯಾದಗಿರಿಯ ಡಾಕ್ಟರು ಬಿಗಿಯಾಗಿ ಪಟ್ಟಿ ಸುತ್ತಿ, ಕಾಲು ಒಂದಿಷ್ಟೂ ಮಡಚಬಾರದು, ಚಿಪ್ಪು ಸರಿದರೆ ಆಪರೇಶನ್ ಮಾಡಬೇಕಾಗುತ್ತದೆ, ಆಮೇಲೆ ಮೊದಲಿನಂತೆ ನಡೆಯುತ್ತಾಳೆಂದು ಹೇಳಲಾರೆ ಎಂದಿದ್ದರು. ಈಗ ತೋರಿಸಲು ಮತ್ತೆ ಹೋಗಬೇಕಿತ್ತು.

ಬಸ್ಸಿನಲ್ಲಿ ಹೆಂಗಸರಿಗೆ ಪುಕ್ಕಟೆ, ಆದರೆ ಬಸ್ಸಿನ ಸೀಟಿನಲ್ಲಿ ಕಾಲು ಮಡಚದೆ ಕೂರಲು ಆಗುವುದಿಲ್ಲ. ಅದಕ್ಕೇ ಬೆಳಿಗ್ಗೆ ಎದ್ದವಳೇ ಟ್ಯಾಕ್ಸಿ ಸ್ಟ್ಯಾಂಡಿಗೆ ಹೋದೆ. ಶಹಾಪುರದ ಮೇಲೆ ಯಾದಗಿರಿಗೆ ಹೋಗುವ ಕ್ರೂಸರ್ ಗಾಡಿಗಳು ಅಲ್ಲಿ ಪಾಳಿಯ ಮೇಲೆ ನಿಲ್ಲುತ್ತವೆ. ಸೀಟು ತುಂಬಿದ ಮೇಲೆಯೇ ಹೊರಡುವುದು. ಅಂದಿನ ಪಾಳಿ ಸರದಾರಸಾಬನದು. ಚಾಲಕನ ಪಕ್ಕ ಇಬ್ಬರನ್ನು ಕೂರಿಸುತ್ತಾರೆ. ಅವ್ವ ಓರೆಯಾಗಿ ಕೂತು ಕಾಲು ಚಾಚಲೆಂದು ನಾನು ಆ ಎರಡೂ ಸೀಟಿಗೆ ದುಡ್ಡು ಕೊಟ್ಟು, ನನ್ನ ನೀಲಿ ಟವೆಲ್ಲನ್ನು ಉದ್ದಕ್ಕೆ ಹಾಸಿದೆ.

"ಬೇಫಿಕರ್ ಹೋಗ್ರಿ ಟೀಚರ್ರ," ಅಂದ ಸರದಾರಸಾಬ. "ಅವ್ವಾರನ್ನ ನಿಧಾನ ಕರ್ಕೊಂಡು ಬರ್ರಿ. ನಿಮ್ಮ ಟವೆಲ್ ಯಾರೂ ಮುಟ್ಟಂಗಿಲ್ಲ."

ಆಟೋದಲ್ಲಿ ಅವ್ವನನ್ನು ಕರೆದುಕೊಂಡು ಬಂದು, ಅವಳ ಕಾಲನ್ನು ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಿದ್ದೆ. ಆಗ ಕಣ್ಣಾರೆ ಕಂಡೆ. ಪಂಪಣ್ಣ ಸಾವ್ಕಾರ ಕ್ರೂಸರಿನ ಮುಂದಿನ ಬಾಗಿಲು ತೆರೆದು, ಛತ್ರಿಯ ತುದಿಯಿಂದ ನನ್ನ ಟವೆಲ್ಲನ್ನು ಎತ್ತಿ, ಹಿಂದಿನ ಸಾಲಿನ ಮೇಲೆ ಕೆಡವಿ, ಸಾವಕಾಶವಾಗಿ ಕೂತುಕೊಂಡ. ಇದು ಯಾರ ಟವೆಲ್ ಎಂದು ಒಬ್ಬರನ್ನೂ ಕೇಳಲಿಲ್ಲ. ನಮ್ಮ ಓಣಿಯವರ ಹೆಗಲ ಮೇಲಿನ ಆ ನೀಲಿ ಬಣ್ಣ, ನಮ್ಮೂರಿನವನಾದ ಅವನಿಗೆ ಎಲ್ಲ ಹೇಳಿತ್ತು. ಗೊತ್ತಿರದಿದ್ದರೆ ಕೈಯಿಂದಲೇ ಎತ್ತುತ್ತಿದ್ದ.

ನಮ್ಮನ್ನು ನೋಡಿ ಅವನ ಮುಖ ಅರಳಿತು. ಅದೇ ನನಗೆ ಇವತ್ತಿಗೂ ಉರಿಯುವುದು. ಅವನು ಬೈದಿದ್ದರೆ ನಾನೂ ತಿರುಗಿ ಬೈಯಬಹುದಿತ್ತು.

"ಓ ಬಾಲಮ್ಮ! ಕಾಲು ಹ್ಯಾಂಗದ ಈಗ? ಬಾ, ಹಿಂದ ಆರಾಮ ಕುಂದ್ರು."

"ಹಂಗ ಅದರಿ ಸಾವ್ಕಾರ್ರ," ಎಂದು ಅವ್ವ ಕೈ ಮುಗಿದಳು.

"ಸಾವ್ಕಾರ್ರ, ಅದು ನಮ್ಮ ಸೀಟು," ಅಂದೆ. "ರೊಕ್ಕ ಕೊಟ್ಟೇನಿ, ಟವೆಲ್ ಹಾಕೇನಿ. ನಮ್ಮವ್ವನ ಕಾಲು ಮಡಚಂಗಿಲ್ಲ."

"ನಿಮ್ಮ ಟವೆಲ್ ಎಲ್ಲಿ ಹೋಗ್ಯದವ್ವ? ಹಿಂದ ಅದ ನೋಡು. ತನ್ನ ಜಾಗಾದಾಗ ತಾ ಕುಂತದ."

ಗಾಡಿಯೊಳಗೆ ಯಾರೋ ಕಿಸಕ್ಕೆಂದರು. ಹಿಂದಿನ ಎದುರುಬದುರು ಸಾಲುಗಳಲ್ಲಿ ಆಗಲೇ ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಜನ ಕೂತಿದ್ದರು. ಅವರಲ್ಲಿ ನಮ್ಮ ಓಣಿಯ ಮಾನಮ್ಮನೂ ಇದ್ದಳು. ಅವ್ವನ ಜೊತೆ ಅದೇ ಅಂಗಡಿಯಲ್ಲಿ ಕಾಳು ಹಸನು ಮಾಡುವವಳು. ಅವಳು ಹೊರಗಿನ ಬೇವಿನ ಮರವನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದಳು.

ಸರದಾರಸಾಬ ಟೈರಿನ ಹತ್ತಿರ ಕೂತು ಗಾಳಿ ನೋಡುವ ನಾಟಕ ಮಾಡುತ್ತಿದ್ದ. ಕರೆದೆ. ಬಂದು ತಲೆ ಕೆರೆದುಕೊಂಡ.

"ಸ್ವಲ್ಪ ಅಡ್ಜಸ್ಟ್ ಮಾಡ್ಕೋರಿ ಟೀಚರ್ರ. ಸಾವ್ಕಾರ್ರು ಶಹಾಪುರದಾಗ ಇಳೀತಾರ. ಆಮ್ಯಾಲ ನೀವು ಮುಂದ ಬರ್ರಿ."

"ಶಹಾಪುರತನಕ ನಮ್ಮವ್ವನ ಕಾಲು ತೆಗದು ಗಾಡಿ ಮ್ಯಾಲ ಕಟ್ಟತೀರೇನು?"

ಅವನು ಮತ್ತೆ ಟೈರಿನ ಕಡೆ ಬಗ್ಗಿದ. ಗಾಡಿಯ ಹಿಂದಿನ ಬಾಗಿಲ ಮೇಲೆ, ಪ್ರಯಾಣಿಕರು ದೂರು ಕೊಡಲು ಎಂದು ಸಾರಿಗೆ ಇಲಾಖೆಯ ಒಂದು ನಂಬರ್ ಬರೆದಿತ್ತು. ಆ ಅಕ್ಷರಗಳನ್ನು ಓದಿದ ಮೊದಲ ಪ್ರಯಾಣಿಕಳು ನಾನೇ ಇರಬೇಕು. ಅಲ್ಲಿಯೇ ನಿಂತು ಫೋನ್ ಮಾಡಿದೆ. ಆ ಕಡೆಯ ಮನುಷ್ಯ ಎಲ್ಲವನ್ನೂ ಸಮಾಧಾನವಾಗಿ ಕೇಳಿಸಿಕೊಂಡ.

"ಮೇಡಂ, ಕಾಯ್ದೆ ಪ್ರಕಾರ ಆ ಗಾಡ್ಯಾಗ ಸೀಟು ಮಾರಂಗೇ ಇಲ್ಲ. ಹಿಡದ್ರ ಪೂರಾ ಗಾಡಿ ಹಿಡೀಬೇಕು. ಇಲ್ಲದ ಸೀಟು ಹೋತು ಅಂದ್ರ ನಾ ಏನಂತ ಬರಕೊಳ್ಳಲಿ?"

ದಿನಾ ಕಣ್ಣೆದುರಿಗೆ ನೂರಾರು ಜನ ಕೂತು ಏಳುವ ಸೀಟು, ಕಾಯ್ದೆಯಲ್ಲಿ ಇಲ್ಲವೇ ಇಲ್ಲ. ನನಗೆ ನಗು ಬಂತು, ಸಿಟ್ಟಿನ ನಗು. ಆದರೆ ಅವನ ಮಾತಿನಲ್ಲಿ ಒಂದು ದಾರಿ ಇತ್ತು. ಚೀಲದಿಂದ ನೋಟು ತೆಗೆದು, ಎಲ್ಲರೂ ನೋಡುವಂತೆ ಸರದಾರಸಾಬನ ಅಂಗಿಯ ಕಿಸೆಗೆ ತುರುಕಿದೆ.

"ಸಂಚಕಾರ ತಗೋರಿ. ಪೂರಾ ಗಾಡಿ ನಂದು. ಹೋಗಿ ಬರೋದು. ಉಳಿದದ್ದು ಈಗೇ ಫೋನಿನ್ಯಾಗ ಹಾಕತೀನಿ."

ಟವೆಲ್ಲಿನಂತೆಯೇ ಸಂಚಕಾರಕ್ಕೂ, ಅಂದರೆ ಮುಂಗಡ ಹಣಕ್ಕೂ, ಸ್ಟ್ಯಾಂಡಿನಲ್ಲಿ ಒಂದು ಮರ್ಯಾದೆ ಇದೆ. ನಾಲ್ಕು ಜನರೆದುರು ಕಿಸೆಗೆ ಬಿದ್ದ ಮೇಲೆ ಗಾಡಿ ಅವರದು. ಮದುವೆಯವರೂ ಸತ್ತವರ ಮನೆಯವರೂ ಹಾಗೆಯೇ ಗಾಡಿ ಹಿಡಿಯುತ್ತಾರೆ. ಸರದಾರಸಾಬ ಕಿಸೆಯನ್ನು ನೋಡಿಕೊಂಡ, ಸಾವ್ಕಾರನನ್ನು ನೋಡಿದ, ಮತ್ತೆ ಕಿಸೆಯನ್ನು ನೋಡಿಕೊಂಡ.

"ಸಾವ್ಕಾರ್ರ... ಗಾಡಿ ಬಾಡಿಗಿ ಆತ್ರಿ."

"ಉಳಿದವರೆಲ್ಲಾ ಕುಂದರ್ರಿ," ನಾನು ಜೋರಾಗಿಯೇ ಅಂದೆ. "ಯಾರೂ ರೊಕ್ಕ ಕೊಡಬ್ಯಾಡ್ರಿ. ಮುಂದಿನ ಸೀಟಷ್ಟೇ ಖಾಲಿ ಆದ್ರ ಸಾಕು."

ಪಂಪಣ್ಣ ಕೂಗಾಡಲಿಲ್ಲ. ಧೋತರ ಸರಿಮಾಡಿಕೊಂಡು, ಛತ್ರಿ ಊರಿ ಇಳಿದ. "ಆಗ್ಲವ್ವ. ನಿಮಗೂ ಈಗ ರೊಕ್ಕ ಬಂದದ. ಇಳೀತೀನಿ," ಎಂದು ಹೇಳಿ, ಗಾಡಿಯೊಳಗೆ ಒಮ್ಮೆ ಕಣ್ಣು ಹಾಯಿಸಿದ. ಅಷ್ಟೇ. ಹಿಂದಿನವರು ಒಬ್ಬೊಬ್ಬರಾಗಿ ಇಳಿಯತೊಡಗಿದರು. ಒಬ್ಬನಿಗೆ ಏನೋ ನೆನಪಾಯಿತು, ಇನ್ನೊಬ್ಬನಿಗೆ ಇವತ್ತು ಹೋಗುವುದೇ ಬೇಡವಾಯಿತು. ಕೊನೆಗೆ ಮಾನಮ್ಮ ಗಂಟು ಬಗಲಲ್ಲಿಟ್ಟುಕೊಂಡು ಎದ್ದಳು.

"ಮಾನಕ್ಕ, ನೀ ಯಾಕ ಇಳಿಯಾಕತ್ತಿ?"

"ನಾಳಿ ಅಂಗಡಿಗಿ ಹೋಗಬೇಕವ್ವ ನಾ," ಅಂದಳು. ನನ್ನ ಮುಖ ನೋಡಲಿಲ್ಲ.

ಖಾಲಿ ಗಾಡಿ ಹೊರಟಿತು. ಅವ್ವ ಮುಂದೆ, ಕಾಲು ಚಾಚಿ, ನೀಲಿ ಟವೆಲ್ಲಿನ ಮೇಲೆ. ನಾನು ಹಿಂದೆ, ಅಷ್ಟೂ ಸೀಟುಗಳ ಒಡತಿ. ಗೆದ್ದಿದ್ದೆ, ಆದರೂ ಮಾನಮ್ಮ ಎದ್ದುಹೋದ ಜಾಗವನ್ನೇ ನೋಡುತ್ತ ಕೂತಿದ್ದೆ. ಶಹಾಪುರದ ಗುಡ್ಡದಲ್ಲಿ ಬುದ್ಧ ಮಲಗಿದ್ದಾನೆ. ಕಲ್ಲುಗಳೇ ಹಾಗೆ ಕೂಡಿಕೊಂಡಿವೆ, ತಲೆ, ಎದೆ, ಉದ್ದಕ್ಕೆ ಚಾಚಿದ ಕಾಲು. ಅವನಿಗೆ ಸ್ವಲ್ಪ ಸರಿದು ಮಲಗು ಎಂದು ಯಾರೂ ಹೇಳುವುದಿಲ್ಲ. ಪ್ರತಿ ಸಲ ಅದನ್ನು ಕಂಡಾಗ ಅವ್ವ ಕೈ ಮುಗಿಯುತ್ತಾಳೆ. ಅಂದು ಮುಗಿಯಲಿಲ್ಲ.

"ನೀ ಗಾಡಿ ಹಿಡದಿ ಸಾವಿತ್ರಿ," ಅಂದಳು, ತಿರುಗದೆಯೇ. "ಊರ ಬಾಡಿಗಿ ಹಿಡಿಯಾಕ ಆಗ್ತದೇನು?"

ಸರದಾರಸಾಬ ಕೇಳಿಸದವನಂತೆ ಹಾರ್ನ್ ಹೊಡೆದ.

ಡಾಕ್ಟರು ಕಾಲಿನ ಫೋಟೋ ತೆಗೆಸಿ ಬೆಳಕಿಗೆ ಹಿಡಿದು ನೋಡಿದರು. ಚಿಪ್ಪು ಸರಿದಿಲ್ಲ, ಕೂಡಿಕೊಳ್ಳುತ್ತಿದೆ ಎಂದರು. ಇನ್ನು ಕೆಲವು ವಾರ ಹೀಗೇ ಜೋಪಾನ ಮಾಡಿದರೆ ನಡೆಯುತ್ತಾಳೆ, ಈಗ ಮಡಚಿದರೆ ಮಾಡಿದ್ದೆಲ್ಲ ಹಾಳು. ನನಗೆ ಅಳು ಬರುವಷ್ಟು ಖುಷಿಯಾಯಿತು. ಕೊಟ್ಟ ಬಾಡಿಗೆ ಸಾರ್ಥಕವಾಯಿತು ಎಂದುಕೊಂಡು ಅವ್ವನನ್ನು ಆಟೋದಲ್ಲಿ ಯಾದಗಿರಿಯ ಸ್ಟ್ಯಾಂಡಿಗೆ ಕರೆದುಕೊಂಡು ಬಂದೆ.

ಸರದಾರಸಾಬ ಗಾಡಿಗೆ ಒರಗಿ ನಿಂತಿದ್ದ. ನಮ್ಮನ್ನು ಕಂಡವನೇ ಕೊರಳಲ್ಲಿದ್ದ ತನ್ನ ಟವೆಲ್ ತೆಗೆದು, ಕಿಟಕಿಯೊಳಗೆ ಕೈ ಹಾಕಿ, ಮುಂದಿನ ಸೀಟಿನ ಮೇಲೆ ಹಾಸಿದ.

"ಸೀಟು ಬುಕ್ ಆಗ್ಯಾವ್ರಿ ಟೀಚರ್ರ."

"ಪೂರಾ ಗಾಡಿ ನಾ ಹಿಡದೇನಿ. ಎರಡೂ ಕಡೆ ಬಾಡಿಗಿ ತಗೊಂಡೀರಿ."

"ಸುರಪುರದ ಸ್ಟ್ಯಾಂಡಿನಿಂದ ಫೋನ್ ಬಂದದ." ಅವನ ದನಿ ಇಳಿಯಿತು. "ನಿಮ್ಮನ್ನ ಹತ್ತಿಸಿದ್ರ ನನ್ನ ಪಾಳಿ ಕಡೀತಾರ. ಸಾವ್ಕಾರ್ರ ಮಾಲು ಹೊರೋ ಗಾಡಿಗಳೂ ನಮ್ಮ ಸ್ಟ್ಯಾಂಡಿನವೇ ಅದಾವಲ್ರಿ. ನನಗೂ ಮನಿಮಠ ಅದ. ಮಾಫ್ ಮಾಡ್ರಿ."

ಅವನು ಮಾತಾಡುತ್ತಿರುವಾಗಲೇ ನನ್ನ ಫೋನು ಸದ್ದು ಮಾಡಿತು. ತಿರುಗಿ ಬರುವ ಬಾಡಿಗೆಯನ್ನು ವಾಪಸ್ ಹಾಕಿದ್ದ, ಒಂದು ರೂಪಾಯಿ ಕಡಿಮೆ ಇಲ್ಲ. ಪಕ್ಕದ ಸುರಪುರದ ಗಾಡಿಗೆ ಹೋದೆ. ಅಲ್ಲಿನವನೂ ಟವೆಲ್ ಹಾಸಿದ. ಅದರಾಚೆಯವನ ಹತ್ತಿರ ಟವೆಲ್ ಇರಲಿಲ್ಲ, ಗಾಡಿ ಒರೆಸುವ ಬಟ್ಟೆ ಹಾಕಿದ. ಸಾಲಾಗಿ ನಿಂತ ಖಾಲಿ ಗಾಡಿಗಳು, ಒಳಗೆ ಮನುಷ್ಯರಿಲ್ಲದ ಟವೆಲ್ಲುಗಳು. ಬೆಳಿಗ್ಗೆ ನಾನು ಹಾಸಿದ ಟವೆಲ್ಲಿಗೆ ಇಲ್ಲದ ಮರ್ಯಾದೆ ಆ ಎಣ್ಣೆಹಿಡಿದ ಬಟ್ಟೆಗೆ ಇತ್ತು.

ಮತ್ತೆ ಆ ನಂಬರಿಗೆ ಫೋನ್ ಮಾಡಿದೆ. ಅದೇ ಸಮಾಧಾನದ ದನಿ.

"ರೊಕ್ಕ ವಾಪಸ್ ಕೊಟ್ಟಾರಿಲ್ರಿ ಮೇಡಂ?"

"ಕೊಟ್ಟಾರ."

"ಮತ್ತ ತಕರಾರು ಏನದ ಇದರಾಗ?"

 ಫೋನ್ ಇಟ್ಟೆ. ಅವ್ವ ಅಷ್ಟು ಹೊತ್ತು ನನ್ನ ಹೆಗಲ ಮೇಲೆ ಭಾರ ಹಾಕಿ ಒಂಟಿಗಾಲಿನಲ್ಲಿ ನಿಂತಿದ್ದಳು. "ಬಸ್ಸಿಗಿ ಹೋಗೋಣ ನಡಿ," ಅಂದಳು.

ಸುರಪುರದ ಬಸ್ಸು ಬಂದಾಗ ಜನ ಬಾಗಿಲಿಗೆ ಮುಗಿಬಿದ್ದರು. ನಾನು ಕಿಟಕಿಯ ಕೆಳಗೆ ಓಡಿ, ನೆಗೆದು, ನೀಲಿ ಟವೆಲ್ಲನ್ನು ಮುಂದಿನ ಸೀಟಿನ ಮೇಲೆ ಎಸೆದೆ. ಗದ್ದಲ ಇಳಿದ ಮೇಲೆ ಅವ್ವನನ್ನು ಹತ್ತಿಸಿಕೊಂಡು ಬಂದು ನೋಡಿದರೆ, ಬಸ್ಸು ಕಿಕ್ಕಿರಿದಿತ್ತು, ಜನ ನಿಂತಿದ್ದರು, ಆ ಸೀಟು ಮಾತ್ರ ಖಾಲಿ ಇತ್ತು. ಯಾರೂ ಮುಟ್ಟಿರಲಿಲ್ಲ. ಅವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ, ಅದಕ್ಕೆ.

"ಕುಂದ್ರವ್ವ," ಅಂದೆ. "ಕಾಲು ಹಾದಿ ಕಡೆ ಚಾಚು. ಯಾರೂ ತುಳಿಯದಂಗ ನಾ ನಿಲ್ತೀನಿ."

ಅವ್ವ ಸೀಟನ್ನು ನೋಡಿದಳು. ಬಗ್ಗಿ ಟವೆಲ್ಲನ್ನು ಎತ್ತಿಕೊಂಡಳು. ಚಾಲಕನ ಸೀಟಿನ ಹಿಂದೆ, ಜನ ಚೀಲಗಳನ್ನಿಡುವ ಕಡೆ, ನೆಲದ ಮೇಲೆ ಅದನ್ನು ಹಾಸಿ, ಕಂಬಿ ಹಿಡಿದು ಮೆಲ್ಲಗೆ ಕೂತಳು. ಪಟ್ಟಿ ಸುತ್ತಿದ ಕಾಲನ್ನು ಚೀಲಗಳ ಮಧ್ಯೆ ನೆಟ್ಟಗೆ ಚಾಚಿದಳು.

"ಏಳವ್ವ!" ನಾನು ಚೀರಿದೆ. ಇಡೀ ಬಸ್ಸು ತಿರುಗಿ ನೋಡಿತು. "ಸೀಟು ಹಿಡದೇನಿ ನಾನು. ನಮ್ಮ ಸೀಟದು. ನೆಲಕ್ಕ ಯಾಕ ಕುಂತಿ?"

"ಇಲ್ಲಿ ಕಾಲು ಸೀದಾ ಇರ್ತದ," ಅಂದಳು ಅವ್ವ. ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವೂ ಇರಲಿಲ್ಲ. "ಮತ್ತ ಇಲ್ಲಿಂದ ಏಳು ಅಂತ ಯಾರೂ ಅನ್ನಂಗಿಲ್ಲ."

ಸೀಟಿನ ಮೇಲೆ ಈಗ ಟವೆಲ್ ಇರಲಿಲ್ಲ. ಯಾರೋ ಒಬ್ಬ ಬಂದು, ಖಾಲಿ ಅದೇನ್ರಿ ಎಂದು ಕೇಳಿ, ನಾನು ಪಕ್ಕಕ್ಕೆ ಸರಿದದ್ದನ್ನು ನೋಡಿ ಕೂತುಕೊಂಡ. ಕಂಡಕ್ಟರ್ ನಮ್ಮಿಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಹರಿದು ಕೊಟ್ಟ. ನಾನು ಅವ್ವನ ಕಾಲಿಗೆ ಅಡ್ಡವಾಗಿ ಕಂಬಿ ಹಿಡಿದು ನಿಂತೆ. ಸುರಪುರ ಬರುವವರೆಗೂ ನಿಂತೇ ಇದ್ದೆ.